ಕಡತ ಬಿಟ್ಟುಕೊಟ್ಟವನು

“ದೇಣಿಗೆ ಪುಟ ನಡೆಸ್ತಿರೋ ಮಿರ್ವಾ ನೀವೇನಾ?”

ಬಾಗಿಲಲ್ಲಿ ನಿಂತ ಅಪರಿಚಿತನ ಕೋಟಿನಿಂದ ಸಮುದ್ರದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಕಡತ. ತಾನು ತೊಯ್ದರೂ ಅದನ್ನು ತೋಯಲು ಬಿಟ್ಟಿರಲಿಲ್ಲ.

“ಹೌದು. ಏನಾದ್ರೂ ಕೊಡೋಕೆ ಬಂದ್ರಾ?”

“ಇಲ್ಲ. ನಿಲ್ಲಿಸೋಕೆ ಬಂದೆ.”

ಅವನ ಹೆಸರು ಇಲ್ಮರಿ. ಜನರಿಂದ ದೇಣಿಗೆ ಎತ್ತುವ ಸಂಘಗಳಿಗೆ ಪರವಾನಗಿ ಕೊಡುವ ಕಚೇರಿಯಲ್ಲಿ, ಔಲು ನಗರದಲ್ಲಿ ಕೆಲಸ. ಮಿರ್ವಾಳಿಗೆ ಮೂರು ಪತ್ರ ಬರೆದಿದ್ದ. ಒಂದಕ್ಕೂ ಉತ್ತರ ಬರದಿದ್ದಾಗ, ಅಕ್ಟೋಬರಿನ ಅಲೆಗಳ ಮೇಲೆ ಅಲ್ಲಾಡುತ್ತಾ ಕೊಯ್ವುಕರಿ ದ್ವೀಪಕ್ಕೆ ತಾನೇ ಬಂದಿದ್ದ.

ಆ ಮೂರೂ ಪತ್ರ ಅವಳ ಅಡುಗೆಮನೆಯ ಕಿಟಕಿಯ ಬಳಿ ಒಡೆಯದೆ ಬಿದ್ದಿದ್ದವು. ಅಮ್ಮ ಹೋದ ಮೇಲೆ ಮಿರ್ವಾ ಯಾವ ಲಕೋಟೆಯನ್ನೂ ಒಡೆದಿರಲಿಲ್ಲ.

ಕೊಯ್ವುಕರಿಯಲ್ಲಿ ಏಪ್ರಿಲ್ ತಿಂಗಳೆಂದರೆ ಭಯ. ಸಮುದ್ರದ ಮಂಜುಗಡ್ಡೆ ಕಾಲಿಟ್ಟರೆ ಒಡೆಯುತ್ತದೆ, ದೋಣಿ ಬಿಟ್ಟರೆ ತಡೆಯುತ್ತದೆ. ಆಗ ದಡ ಸೇರಲು ಇರುವುದು ಒಂದೇ ದಾರಿ: ಬೆನ್ನಿಗೆ ದೊಡ್ಡ ಪಂಖ ಹೊತ್ತು, ಮಂಜುಗಡ್ಡೆಯ ಮೇಲೂ ನೀರಿನ ಮೇಲೂ ಓಡುವ ದ್ವೀಪ ಸಂಘದ ಪಂಖದೋಣಿ. ಅಮ್ಮನಿಗೆ ಎದೆನೋವು ಬಂದ ದಿನ ಅದರ ಎಂಜಿನ್ ಸತ್ತಿತ್ತು. ದಟ್ಟ ಮಂಜಿನಲ್ಲಿ ಹೆಲಿಕಾಪ್ಟರ್ ಇಳಿಯಲಾಗಲಿಲ್ಲ. ಮೂರನೆಯ ದಿನ ಅಮ್ಮ ಹೋದಳು.

ಅದನ್ನೇ ಮಿರ್ವಾ ಅಂತರ್ಜಾಲದ ಒಂದು ಪುಟದಲ್ಲಿ ಬರೆದು, ಹೊಸ ಎಂಜಿನ್‌ಗೆ ನೆರವು ಕೇಳಿದ್ದಳು. ಎಲ್ಲೆಲ್ಲಿಂದಲೋ ಜನ ಕೊಟ್ಟರು. ಕೊಟ್ಟವರು ಎರಡೆರಡು ಸಾಲು ಬರೆದೂ ಇದ್ದರು. ಆ ಖಾಲಿ ಮನೆಯಲ್ಲಿ ಅವಳೊಂದಿಗೆ ಮಾತಾಡುತ್ತಿದ್ದದ್ದು ಆ ಸಾಲುಗಳು ಮಾತ್ರ.

ಈಗ ಇವನು ಅದನ್ನೂ ಮುಚ್ಚು ಅನ್ನುತ್ತಿದ್ದಾನೆ...

“ಪರವಾನಗಿ ಸಂಖ್ಯೆ ಇಲ್ಲ,” ಇಲ್ಮರಿ ಮೆಲ್ಲಗೆ ಹೇಳಿದ. “ಯಾರು ಹೊಣೆ ಅಂತ ಇಲ್ಲ. ಮೇಲೆ ಎಂಜಿನ್‌ಗೆ ಅಂತಿದೆ, ಕೆಳಗೆ ದಡದ ದೋಣಿ ಶೆಡ್ ರಿಪೇರಿಗೂ ಅಂತಿದೆ. ಕೊಡೋರಿಗೆ ಯಾವುದಕ್ಕೆ ಕೊಡ್ತಿದೀವಿ ಅಂತ ಗೊತ್ತಿರಬೇಕಲ್ವಾ?”

“ನಮ್ಮಮ್ಮ ಸಾಯೋಕೂ ನಿಮ್ಮ ಪರವಾನಗಿ ಬೇಕಿತ್ತಾ?”

ಅವನು ತಲೆ ತಗ್ಗಿಸಿದ.

“ಹೋದ ತಿಂಗಳು ಇಂಥದ್ದೇ ಒಂದು ಪುಟ ನೋಡಿದೆ. ಕಾಯಿಲೆ ಮಗು, ಫೋಟೋ, ಕಣ್ಣೀರು ಬರೋ ಕಥೆ. ಹುಡುಕ್ತಾ ಹೋದ್ರೆ ಆ ಮಗುನೇ ಇರಲಿಲ್ಲ. ನಿಮ್ಮದು ನಿಜ ಅಂತ ನನಗೆ ಗೊತ್ತು, ಮಿರ್ವಾ. ಓದೋರಿಗೆ ಹೇಗೆ ಗೊತ್ತಾಗ್ಬೇಕು?”

ಮಿರ್ವಾ ಕಂಪ್ಯೂಟರ್ ತೆರೆದಳು. ಅವನೆದುರೇ ಪುಟ ಮುಚ್ಚಿದಳು. ಪರದೆ ಬೆಳ್ಳಗಾಯಿತು. ಅಮ್ಮನನ್ನು ಎರಡನೆಯ ಸಲ ಮಣ್ಣು ಮಾಡಿದ ಹಾಗಿತ್ತು.

ಗಾಳಿ ಜೋರಾಗಿ ಮಧ್ಯಾಹ್ನದ ಹಡಗು ಬರಲಿಲ್ಲ. ಸಂಜೆಯವರೆಗೆ ಅವನು ಎಲ್ಲಿಗೂ ಹೋಗುವಂತಿರಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಮಿರ್ವಾ ಸಾಲ್ಮನ್ ಮೀನಿನ ಸೂಪ್ ಬಿಸಿ ಮಾಡಿ, ರೈ ಧಾನ್ಯದ ರೊಟ್ಟಿ ಇಟ್ಟಳು.

“ಅರ್ಜಿ ತುಂಬೋಣ್ವಾ?” ಅವನು ಕೇಳಿದ. “ದೋಣಿ ಓಡಿಸೋರು ಯಾರು?”

“ನಾನೇ.”

“ಕೆಟ್ಟು ನಿಂತ್ರೆ?”

“ಬೈಯೋಳೂ ನಾನೇ.”

ಅವನು ನಕ್ಕ. ಬಹಳ ದಿನ ಬಳಸದ ಬಾಗಿಲು ತೆರೆದಂತಹ ನಗು. ಹೆಂಡತಿ ಬಿಟ್ಟುಹೋಗಿ ಆರು ವರ್ಷವಾಯಿತಂತೆ. “ಶುಕ್ರವಾರ ಸಂಜೆ ಬಾಯಿ ಮುಚ್ಚಿದ್ರೆ, ನಾನು ಮತ್ತೆ ತೆಗೆಯೋದು ಸೋಮವಾರಾನೇ,” ಎಂದ, ಹವಾಮಾನ ಹೇಳುವವನಂತೆ.

ಆ ಮಾತು ಮಿರ್ವಾಳ ಎದೆಗೆ ನೇರ ಬಂದು ತಾಗಿತು. ‘ನನ್ನ ಹಾಗೇ ಇನ್ನೊಬ್ಬರಿದ್ದಾರೆ...’

ಹಡಗು ಹತ್ತುವಾಗ ಅವನು ತಿರುಗಿ ನೋಡಿದ. “ಅರ್ಜಿ ಬೇಗ ಕಳಿಸಿ. ನಾನೇ ನೋಡ್ಕೋತೀನಿ.”

ಮರುದಿನವೇ ಕಳಿಸಿದಳು. ಒಂದು ವಾರವಾದ ಮೇಲೆ ಲಕೋಟೆ ಬಂತು. ಈ ಸಲ ಅಲ್ಲೇ ನಿಂತು ಒಡೆದಳು.

ಕಡತವನ್ನು ತೆರ್ಹಿ ಎಂಬ ಇನ್ನೊಬ್ಬ ಅಧಿಕಾರಿಗೆ ವರ್ಗಾಯಿಸಲಾಗಿದೆ. ಎಲ್ಲವನ್ನೂ ಮೊದಲಿನಿಂದ ಪರಿಶೀಲಿಸಲಾಗುವುದು. ಅಷ್ಟೇ. ಇಲ್ಮರಿಯ ಒಂದು ಸಾಲೂ ಇರಲಿಲ್ಲ.

ಅವನಿಗೆ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು... ಇಲ್ಲ.

“ಸರ್ಕಾರಿ ಮನುಷ್ಯನಿಗೆ ಸೂಪ್ ಹಾಕ್ದೆ,” ಪಕ್ಕದ ಮನೆಯ ಎಂಬತ್ತೆರಡರ ಲೆಂಪಿ ಅಜ್ಜಿ ರೇಗಿಸಿದಳು. “ರಶೀದಿನಾದ್ರೂ ಕೊಟ್ನಾ?”

“ಬಿಡು ಅಜ್ಜಿ. ಕೈಗೆ ಅಂಟಿದ ಕೆಸರು ತೊಳ್ಕೊಂಡ ಹಾಗೆ ನನ್ನನ್ನ ತೊಳ್ಕೊಂಡ.”

ಕತ್ತಲು ತುಂಬಿದ ಚಳಿಗಾಲ ಬಂತು. ಕ್ರಿಸ್ಮಸ್‌ಗೆ ಒಂದೇ ತಟ್ಟೆ ಇಟ್ಟುಕೊಂಡು ಉಂಡಳು. ಅಮ್ಮನ ಕುರ್ಚಿಯತ್ತ ನೋಡಬಾರದೆಂದು ಕಿಟಕಿಯತ್ತ ನೋಡಿದರೆ, ಗಾಜಿನಲ್ಲಿ ಕಂಡದ್ದು ತನ್ನದೇ ಮುಖ. ‘ನಾಲ್ಕು ಗಂಟೆ ಕೂತು ಹೋದವನ ನೆನಪು ಯಾಕೆ ಇಷ್ಟು ಜಾಗ ಹಿಡಿದಿದೆ?’

ಹೊಸ ಅಧಿಕಾರಿ ತೆರ್ಹಿ, ದ್ವೀಪ ಸಂಘದ ನಿಯಮಗಳನ್ನು, ಹೊಣೆಗಾರರ ಹೆಸರುಗಳನ್ನು, ದೇಣಿಗೆಯ ಉದ್ದೇಶವನ್ನು ಕೇಳಿ ಕೇಳಿ ತರಿಸಿಕೊಂಡಳು. ಜನವರಿಯಲ್ಲಿ ಪರವಾನಗಿ ಬಂತು. ಮಿರ್ವಾ ಮೊದಲು ಕೊಟ್ಟವರಿಗೆಲ್ಲ ದೇಣಿಗೆ ಮರಳಿಸಿ, ತನ್ನ ತಪ್ಪೇನೆಂದು ಬರೆದಳು. ಆಮೇಲೆ ಹೊಸ ಪುಟ ತೆರೆದಳು. ತಲೆಯಲ್ಲಿ ಪರವಾನಗಿ ಸಂಖ್ಯೆ, ಕೆಳಗೆ ಹೊಣೆಗಾರರ ಹೆಸರು, ನಡುವೆ ಒಂದೇ ಉದ್ದೇಶ: ಎಂಜಿನ್.

ಬಹುಪಾಲು ಜನ ಮತ್ತೆ ಕೊಟ್ಟರು. ಕೊತ್ಕಾ ಊರಿನ ಹೆಂಗಸೊಬ್ಬಳು ಬರೆದಿದ್ದಳು: “ಹಿಂದಿರುಗಿಸಿದವರನ್ನ ಇದೇ ಮೊದಲು ನೋಡಿದ್ದು. ಈ ಸಲ ನಮ್ಮ ಬೀದಿಯವರಿಗೂ ಹೇಳಿದೀನಿ.”

ಅವನು ಹೇಳಿದ್ದೇ ಸರಿಯಾಗಿತ್ತು. ಮಿರ್ವಾಳನ್ನು ಅದು ಇನ್ನೂ ಹೆಚ್ಚು ನೋಯಿಸಿತು.

ಏಪ್ರಿಲ್‌ನ ಒಂದು ಬೆಳಿಗ್ಗೆ ಲೆಂಪಿ ಅಜ್ಜಿ ಮೆಟ್ಟಿಲ ಮೇಲೆ ಕುಸಿದಳು. ಎದೆ ಹಿಡಿದುಕೊಂಡಿದ್ದಳು. ಮಿರ್ವಾ ಅವಳನ್ನು ಕಂಬಳಿಯಲ್ಲಿ ಸುತ್ತಿ ಪಂಖದೋಣಿಯಲ್ಲಿ ಮಲಗಿಸಿದಳು. ಮಾರ್ಚಿನಲ್ಲಿ ಕೂರಿಸಿದ್ದ ಹೊಸ ಎಂಜಿನ್ ಮೊದಲ ಸಲಕ್ಕೇ ಗುಡುಗಿತು. ಮಂಜುಗಡ್ಡೆ ಒಡೆದರೂ, ನೀರು ಹಾರಿದರೂ ಅವಳು ಕೈ ಸಡಿಲಿಸಲಿಲ್ಲ. ಇಪ್ಪತ್ತು ನಿಮಿಷದಲ್ಲಿ ದಡ. ಅಲ್ಲಿ ಆಂಬ್ಯುಲೆನ್ಸ್ ಕಾಯುತ್ತಿತ್ತು.

ಅಜ್ಜಿ ಉಳಿದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತ ಮಿರ್ವಾಳಿಗೆ ಈ ಸುದ್ದಿಯನ್ನು ಒಬ್ಬರಿಗೆ ಹೇಳಬೇಕೆನಿಸಿತು. ಹೇಳಬೇಕೆಂದು ಮನಸ್ಸು ಹುಡುಕಿದ ಮುಖ ಒಂದೇ. ಫೋನು ತೆಗೆದಳು, ಮತ್ತೆ ಒಳಗಿಟ್ಟಳು.

ಮೇ ತಿಂಗಳಲ್ಲಿ ಸಂಘದ ಅಂತಿಮ ವರದಿ ಬರೆಯಲು ಹಳೆಯ ಕಾಗದಗಳು ಬೇಕಾದವು. ತಮ್ಮ ಕಡತವನ್ನು ಕೇಳಿ ಪಡೆಯುವ ಹಕ್ಕು ಅರ್ಜಿದಾರರಿಗೆ ಇದ್ದೇ ಇತ್ತು. ತೆರ್ಹಿ ಪೂರ್ತಿ ಪ್ರತಿ ಕಳಿಸಿದಳು. ಒಂಬತ್ತನೆಯ ಹಾಳೆಯಲ್ಲಿ ಮಿರ್ವಾಳ ಬೆರಳು ನಿಂತಿತು.

‘ಈ ಅರ್ಜಿಯನ್ನು ನಾನು ನಿಷ್ಪಕ್ಷಪಾತವಾಗಿ ನಿರ್ಧರಿಸಲಾರೆ. ದಯವಿಟ್ಟು ಬೇರೆಯವರಿಗೆ ಒಪ್ಪಿಸಿ. ಕಾರಣ: ಅರ್ಜಿದಾರರು ನನಗೆ ಬಹಳ ಮುಖ್ಯರಾಗಿದ್ದಾರೆ. ಅವರಿಗೆ ಇದು ತಿಳಿಯದು. ಕಡತ ಮುಗಿಯುವವರೆಗೆ ಅವರೊಂದಿಗೆ ಯಾವ ಸಂಪರ್ಕವನ್ನೂ ಇಟ್ಟುಕೊಳ್ಳುವುದಿಲ್ಲ. — ಇಲ್ಮರಿ.’

ದಿನಾಂಕ, ಅವನು ದ್ವೀಪದಿಂದ ಮರಳಿದ ನಾಲ್ಕನೆಯ ದಿನದ್ದು.

ಅವಳು ಹಾಳೆಯನ್ನು ಮುಖಕ್ಕೊತ್ತಿಕೊಂಡು ಅತ್ತಳು. ಇಡೀ ಚಳಿಗಾಲ ಬೈದದ್ದು ಯಾರನ್ನ... ಅವಳ ಹೆಸರಿಗೆ ಮಸಿ ಹತ್ತಬಾರದೆಂದು ಬಾಯಿ ಕಟ್ಟಿಕೊಂಡು ಕೂತವನನ್ನ.

ವರದಿ ಅಂಗೀಕಾರವಾಗಿ ಕಡತ ಮುಗಿದ ಮರುದಿನ ಅವಳು ದಡ ಸೇರಿ ಔಲುವಿಗೆ ಬಸ್ಸು ಹತ್ತಿದಳು.

ಕಚೇರಿ ಬಿಡುವ ಹೊತ್ತು. ಇಲ್ಮರಿ ಮೆಟ್ಟಿಲಿಳಿಯುತ್ತಾ ಅವಳನ್ನು ಕಂಡು ಅಲ್ಲೇ ನಿಂತ.

“ಲೆಂಪಿ ಅಜ್ಜಿ ಬದುಕಿದ್ಲು,” ಮಿರ್ವಾ ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬೇರೆಯಾಗಿತ್ತು.

“ಗೊತ್ತು. ನಿಮ್ಮ ಪುಟದಲ್ಲಿ ಓದಿದೆ. ದಿನಾ ಓದ್ತಿದ್ದೆ.”

“ಒಂದು ಮಾತು ಹೇಳಿದ್ರೆ ಸಾಕಿತ್ತು.”

“ಹೇಳಿದ್ರೆ ನಿಮ್ಮ ಪರವಾನಗಿ ನನ್ನ ದಯೆ ಅಂತ ಆಗ್ತಿತ್ತು. ಅದು ನಿಮ್ಮ ಹಕ್ಕಾಗಿರ್ಬೇಕಿತ್ತು.” ಅವನು ಒಂದು ಮೆಟ್ಟಿಲಿಳಿದ. “ಕಡತ ಮುಗೀತು ಅಂತ ನಿನ್ನೆ ಗೊತ್ತಾಯ್ತು. ಆಗಿಂದ ನಾಲ್ಕು ಸಲ ಪತ್ರ ಬರೆದೆ. ನಾಲ್ಕೂ ಅರ್ಜಿ ತರಾನೇ ಬಂತು.”

“ಬರೀಬೇಡಿ. ಹೇಳಿ.”

ಅವನು ಉಳಿದ ಮೆಟ್ಟಿಲುಗಳನ್ನೂ ಇಳಿದು ಅವಳೆದುರು ಬಂದು ನಿಂತ.

“ನಿಮ್ಮ ಜೊತೆ ಇರ್ಬೇಕು ಅನ್ಸುತ್ತೆ, ಮಿರ್ವಾ.”

“ಎಷ್ಟು ದಿನ?”

“ಇದಕ್ಕೆ ಕೊನೆ ದಿನಾಂಕ ಹಾಕಿಲ್ಲ.”

ಅವಳು ಅವನ ತಣ್ಣನೆಯ ಕೈಯನ್ನು ತನ್ನೆರಡೂ ಕೈಗಳ ನಡುವೆ ತೆಗೆದುಕೊಂಡಳು.

“ಹಾಗೇ ಇರಲಿ,” ಎಂದಳು.