ಅಂಗಡಿಯಲ್ಲೇ ಉಳಿದ ಇಲಿ

“ಅಜ್ಜಾ, ದಾರ ಸಾಲ್ತಿಲ್ಲ! ನೋಡು, ಸಾಲ್ತಾನೇ ಇಲ್ಲ!”

ಲಾಂಡ್ರಿ ಅಂಗಡಿಯ ನಡುವೆ ಕಡ್ಡಿ ಎಂಬ ಹುಡುಗಿ ಬಲಗೈ ಮಡಚಿಕೊಂಡು ಕುಣಿಯುತ್ತಿದ್ದಳು. ಅವಳ ತೋಳಿಗೆ ಬಟ್ಟೆ ಮೂಟೆ ಕಟ್ಟುವ ಬಿಳಿ ಹತ್ತಿ ದಾರ ಸುತ್ತಿತ್ತು. ದಾರದ ಎರಡು ತುದಿಗೂ ಒಂದೊಂದು ಗಂಟು. ಸೋಮವಾರ ಆ ಗಂಟುಗಳು ಒಂದಕ್ಕೊಂದು ಸರಿಯಾಗಿ ಮುಟ್ಟಿದ್ದವು. ಇವತ್ತು ಬುಧವಾರ. ಎಷ್ಟು ಎಳೆದರೂ ನಡುವೆ ಒಂದು ಬೆರಳು ಜಾಗ!

“ಎರಡೇ ದಿನಕ್ಕೆ ಇಷ್ಟು ದಪ್ಪ ಆಗಿದೆ! ಇಲಿ ಬಂತು, ಇಲಿ ಬಂತು!”

ಇಲಿ ಎಂದದ್ದೇ ತಡ, ಕೋಟು ಒಗೆಯಲು ಕೊಡಲು ಬಂದಿದ್ದ ಗಿರಾಕಿಯೊಬ್ಬರು ಬೆಂಚು ಹತ್ತಿ ನಿಂತರು. “ಎಲ್ಲಿ? ಎಲ್ಲಿ?”

“ಇಳೀರಿ ಸಾರ್, ಇಳೀರಿ. ಅದು ಇಂಗ್ಲಿಷ್ ಇಲಿ,” ಎಂದರು ಅಜ್ಜ.

ಅದು ನಿಜವಾಗಿಯೂ ಇಂಗ್ಲಿಷ್ ಇಲಿಯೇ. ಸೋಮವಾರ ಮಿಸ್ ಕ್ಲಾಸಿಗೆ ಒಂದು ಡಬ್ಬ ತಂದಿದ್ದರು. ಡಬ್ಬದ ತುಂಬ ಚೀಟಿಗಳು, ಚೀಟಿಗೊಂದು ಇಂಗ್ಲಿಷ್ ಪದ. ಶುಕ್ರವಾರ ಅದರ ಸ್ಪೆಲಿಂಗು, ಅರ್ಥ, ಅದು ಹುಟ್ಟಿದ ಕತೆ ಎಲ್ಲ ಹೇಳಬೇಕು. ಜೊತೆಗೆ ಒಂದು ಉದಾಹರಣೆ ತೋರಿಸಬೇಕು. ಕಡ್ಡಿ ಎತ್ತಿದ ಚೀಟಿಯಲ್ಲಿ ‘ಮಸಲ್’ ಎಂದಿತ್ತು.

ಅವಳು ಅದನ್ನು ಓದುತ್ತಿದ್ದಂತೆ ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳಿಗೆ ಕಡ್ಡಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

“ಕಡ್ಡಿಗೆ ಮಸಲ್ ಅಂತೆ!” ಎಂದು ಕೂಗಿದವನು ಗುಡುಗು. ಅವನು ಪಿಸುಗುಟ್ಟಿದರೂ ಪಕ್ಕದ ಕ್ಲಾಸಿಗೆ ಕೇಳಿಸುತ್ತದೆ. “ಉದಾಹರಣೆ ಎಲ್ಲಿಂದ ತರ್ತೀಯೇ? ಬಾಡಿಗೆಗಾ?”

ಕಡ್ಡಿಗೆ ಅಳು ಬರುವ ಹಾಗಾಯಿತು. ಆದರೆ ಅವಳ ಬಾಯಿ ಸುಮ್ಮನಿರಬೇಕಲ್ಲ!

“ಶುಕ್ರವಾರ ನೋಡ್ತಿರು. ನನ್ನ ಕೈಯಲ್ಲೇ ತೋರಿಸ್ತೀನಿ!” ಎಂದುಬಿಟ್ಟಳು.

ಪದದ ಕತೆ ಹೇಳಿದ್ದು ಲೈಬ್ರರಿ ಆಂಟಿ. ಮಸಲ್ ಅಂದರೆ ಸ್ನಾಯು. ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ ಪುಟ್ಟ ಇಲಿಗೆ ‘ಮುಸ್ಕುಲುಸ್’ ಎನ್ನುತ್ತಿದ್ದರಂತೆ. ಕೈ ಮಡಚಿದಾಗ ಚರ್ಮದ ಕೆಳಗೆ ಇಲಿಮರಿ ಓಡಾಡಿದ ಹಾಗೆ ಕಂಡಿತಂತೆ. ಅದೇ ಹೆಸರು ಅಲ್ಲಿಂದ ಇಲ್ಲಿಗೆ ಬಂದು ಮಸಲ್ ಆಯಿತಂತೆ.

ಅವತ್ತಿನಿಂದ ಕಡ್ಡಿಗೆ ಇಲಿಯದೇ ಧ್ಯಾನ. ಮೂರು ಬಾಳೆಹಣ್ಣನ್ನು ಒಂದೇ ಸಲಕ್ಕೆ ಮುಗಿಸಿದಳು. ನೀರು ತುಂಬಿದ ಬಕೆಟ್ಟನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ಅಂಗಡಿಯನ್ನೇ ಕೆರೆ ಮಾಡಿದಳು. ಅಜ್ಜ ಒಗೆದ ಒದ್ದೆ ಕಂಬಳಿ ಹೊರಲು ಹೋಗಿ ಕಂಬಳಿಯೊಳಗೇ ಕಳೆದುಹೋದಳು. ಅಜ್ಜ ಕಾಲು ಹುಡುಕಿ ಎಳೆದು ತೆಗೆದರು.

ಈಗ ನೋಡಿದರೆ ದಾರವೇ ಸಾಲುತ್ತಿಲ್ಲ!

ಅಮ್ಮ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಬಂದಳು. ಅಂಗಡಿಯ ಸೆಖೆಗೆ ಬೆವರು ಸುರಿಯುತ್ತಿದ್ದರೂ ಅವಳು ಯಾವಾಗಲೂ ಮುಂಗೈವರೆಗೆ ಗುಂಡಿ ಹಾಕಿದ ಉದ್ದ ತೋಳಿನ ಅಂಗಿಯಲ್ಲೇ ಇರುತ್ತಿದ್ದಳು. ದಾರವನ್ನು ತಾನೇ ಎಳೆದು ನೋಡಿ ಕಣ್ಣರಳಿಸಿದಳು. “ಹೌದಲ್ಲೇ! ದಪ್ಪ ಆಗಿದೆ!”

ಬೆಂಚಿನಿಂದ ಇಳಿದ ಗಿರಾಕಿಯೂ ಅಳೆದು ನೋಡಿ ತಲೆದೂಗಿದರು.

ಗುರುವಾರ ಸ್ಕೂಲಿನಲ್ಲಿ ಕಡ್ಡಿಯನ್ನು ಹಿಡಿಯುವವರೇ ಇಲ್ಲ. “ನಾಳೆ ಎಲ್ರೂ ಬೆಂಚು ಹತ್ತಿ ಕೂತ್ಕೊಳ್ಳಿ. ನನ್ನ ಇಲಿ ಕಚ್ಚಿದ್ರೆ ನಾನು ಜವಾಬ್ದಾರಿ ಅಲ್ಲ!”

ಸಂಜೆ ಅಂಗಡಿಯಲ್ಲಿ ಅಜ್ಜ ಆ ದಾರವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಆಮೇಲೆ ಮೂಗಿನ ಹತ್ತಿರ ಹಿಡಿದು ಮೂಸಿದರು.

“ಸೋಪಿನ ವಾಸನೆ ಬರ್ತಿದೆ. ಇದು ಎಲ್ಲಿತ್ತೇ?”

“ನನ್ನ ಫ್ರಾಕಿನ ಜೇಬಲ್ಲಿ.”

“ಯಾವ ಫ್ರಾಕು?”

“ಸೋಮವಾರದ್ದು. ಮಂಗಳವಾರ ನೀನೇ ಒಗೆದ್ಯಲ್ಲ, ಬಿಸಿನೀರಲ್ಲಿ…”

ಊರವರ ಜೇಬುಗಳನ್ನು ಎರಡೆರಡು ಸಲ ತಡಕಿ ನೋಡುವ ಅಜ್ಜ ಮನೆಯ ಹುಡುಗಿಯ ಜೇಬನ್ನು ನೋಡಿರಲಿಲ್ಲ. ಅಜ್ಜ, ಅಮ್ಮ, ಕಡ್ಡಿ ಮೂವರೂ ನಿಧಾನವಾಗಿ ತಲೆಯೆತ್ತಿ ಗೋಡೆ ನೋಡಿದರು. ಅಲ್ಲಿ ಅಜ್ಜನೇ ಬರೆದು ತೂಗುಹಾಕಿದ್ದ ಬೋರ್ಡು ಇತ್ತು: ‘ಹತ್ತಿ ಬಟ್ಟೆ ಕುಗ್ಗಿದರೆ ನಾವು ಹೊಣೆಯಲ್ಲ.’

“ನಿನ್ನ ಕೈ ಹಿಗ್ಗಿಲ್ಲ ಕಣೇ, ದಾರ ಕುಗ್ಗಿದೆ,” ಎಂದರು ಅಜ್ಜ.

ಅಮ್ಮ ನಗು ತಡೆಯಲು ತುಟಿ ಕಚ್ಚಿಕೊಂಡಳು. ತಡೆಯಲಾಗಲಿಲ್ಲ. ಅಜ್ಜನೂ ನಕ್ಕರು. ಕಡ್ಡಿ ಮೊದಲು ನಕ್ಕಳು, ಆಮೇಲೆ ಗೊಳೋ ಎಂದು ಅತ್ತಳು.

“ನಾಳೆ ಏನು ತೋರಿಸ್ಲಿ? ಎಲ್ರೂ ನಗ್ತಾರೆ!”

ಅಮ್ಮ ಮತ್ತೆ ಇಸ್ತ್ರಿಗೆ ನಿಂತಳು. ಭಾರದ ಪೆಟ್ಟಿಗೆ ಹಿಂದಕ್ಕೆ ಮುಂದಕ್ಕೆ ಓಡಿತು. ಕಣ್ಣೀರಿನ ನಡುವೆಯೇ ಕಡ್ಡಿಗೆ ಏನೋ ಕಾಣಿಸಿತು. ಅಮ್ಮನ ಬಲತೋಳಿನ ಅಂಗಿಯೊಳಗೆ ಏನೋ ಹಿಂದಕ್ಕೆ ಮುಂದಕ್ಕೆ ಓಡಾಡುತ್ತಿತ್ತು.

“ಅಮ್ಮಾ! ಇಲಿ ನಿನ್ನ ಹತ್ರಾನೇ ಇದೆ! ನಾಳೆ ನೀನೇ ಬಾ, ಕೈ ತೋರಿಸು!”

ಅಮ್ಮನ ನಗು ಆರಿಹೋಯಿತು. “ಬೇಡ ಕಣೇ. ಇಸ್ತ್ರಿ ಮಾಡಿ ಮಾಡಿ ಒಂದು ತೋಳು ದಪ್ಪ, ಇನ್ನೊಂದು ಸಣ್ಣ. ಯಾರಾದ್ರೂ ನೋಡಿದ್ರೆ ಆಡ್ಕೊಳ್ತಾರೆ.” ಹೀಗೆಂದು ಮುಂಗೈಯ ಗುಂಡಿಯನ್ನು ಸರಿಮಾಡಿಕೊಂಡಳು.

ಕಡ್ಡಿ ಕಣ್ಣೊರೆಸಿಕೊಂಡು ಸ್ಪೆಲಿಂಗು ಬಾಯಿಪಾಠ ಮಾಡಲು ಕೂತಳು.

ಶುಕ್ರವಾರ ಅವಳ ಸರದಿ ಬಂದೇಬಂತು. “ಎಂ, ಯು, ಎಸ್, ಸಿ, ಎಲ್, ಇ,” ಎಂದಳು. “ಇದರಲ್ಲಿ ಸಿ ಬಾಯೇ ಬಿಡಲ್ಲ. ಆದ್ರೂ ಅಲ್ಲೇ ಇರುತ್ತೆ.” ಅರ್ಥ ಹೇಳಿದಳು. ಇಲಿಯ ಕತೆ ಹೇಳಿದಾಗ ಅರ್ಧ ಕ್ಲಾಸು “ಈಈ!” ಎಂದಿತು, ಇನ್ನರ್ಧ ತಂತಮ್ಮ ತೋಳು ಮುಟ್ಟಿ ನೋಡಿಕೊಂಡಿತು.

“ಇಲಿ ಎಲ್ಲಿ? ತೋರ್ಸು!” ಗುಡುಗು ಗುಡುಗಿದ.

ಕಡ್ಡಿ ಕೈ ಮಡಚಿ, ಉಸಿರು ಬಿಗಿಹಿಡಿದು, ಮುಖ ಕೆಂಪಾಗುವಷ್ಟು ಬಿಗಿದಳು. ಎಲ್ಲಿಯೂ ಏನೂ ಓಡಲಿಲ್ಲ.

“ಬಂದಿಲ್ಲ,” ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. “ದಾರ ಕುಗ್ಗಿತ್ತು.”

ಕ್ಲಾಸು ಹೋ ಎಂದು ನಕ್ಕಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಅಮ್ಮ ನಿಂತಿದ್ದಳು. ಹೆಗಲ ಮೇಲೆ ಸ್ಕೂಲಿನ ಸಭಾಂಗಣದ ಒಗೆದ ಪರದೆಗಳ ಮೂಟೆ. ಅದನ್ನು ಕೊಡಬೇಕಾಗಿದ್ದದ್ದು ಶನಿವಾರ.

“ಮಿಸ್, ಒಂದೇ ನಿಮಿಷ. ಇವಳ ಉದಾಹರಣೆ ಅಂಗಡೀಲೇ ಉಳಿದುಬಿಟ್ಟಿತ್ತು.”

ಅಮ್ಮ ಮೂಟೆ ಇಳಿಸಿದಳು. ಮುಂಗೈಯ ಗುಂಡಿ ಬಿಚ್ಚಿದಳು. ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು. ಕೈ ಬಗ್ಗಿಸಿದಳು.

ಇಲಿ ಓಡಿತು!

ಇಡೀ ಕ್ಲಾಸು ಕಿರುಚಿತು. ಮುಂದಿನ ಬೆಂಚಿನವರು ಹಿಂದಕ್ಕೆ ವಾಲಿದರು, ಹಿಂದಿನ ಬೆಂಚಿನವರು ಮುಂದಕ್ಕೆ ಬಿದ್ದರು. ಗುಡುಗು ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಪಿಸುಮಾತಿನಲ್ಲಿ ಕೇಳಿದ. ನಿಜವಾದ ಪಿಸುಮಾತು. “ಆಂಟಿ, ಮುಟ್ಲಾ?”

ಮುಟ್ಟಿದ. “ಕಲ್ಲು ಮಿಸ್, ಕಲ್ಲು! ಆಂಟಿ, ಇದನ್ನ ಹೇಗೆ ಸಾಕಿದ್ರಿ?”

“ದಿನಾ ಶರ್ಟು ತಿನ್ನಿಸ್ತೀನಪ್ಪ. ದಿನಕ್ಕೆ ಎಂಬತ್ತು.”

“ಎಷ್ಟು ದಿನದಿಂದ?”

“ಇವಳು ಹುಟ್ಟೋಕ್ಕೂ ಮುಂಚಿನಿಂದ.”

ಎಂಬತ್ತನ್ನು ಮುನ್ನೂರ ಅರವತ್ತೈದರಿಂದ ಗುಣಿಸಲು ಹೊರಟ ಮಿಸ್ ಬೋರ್ಡಿನಲ್ಲಿ ಎರಡು ಸಲ ತಪ್ಪಿದರು. ಮಕ್ಕಳೆಲ್ಲ ಅಮ್ಮನನ್ನು ಮುತ್ತಿಕೊಂಡಿದ್ದರು. “ಇನ್ನೊಂದ್ಸಲ ಆಂಟಿ, ಇನ್ನೊಂದ್ಸಲ!” ಅಮ್ಮ ಚಿಕ್ಕ ಹುಡುಗಿಯ ಹಾಗೆ ನಗುತ್ತಾ ಇನ್ನೊಂದು ಸಲ, ಮತ್ತೊಂದು ಸಲ ಇಲಿಯನ್ನು ಓಡಿಸಿದಳು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಸಂಜೆ ಅಂಗಡಿಯಲ್ಲಿ ಎಂದಿನಂತೆ ಸೆಖೆ. ಎಂದಿನಂತೆ ಶರ್ಟುಗಳ ರಾಶಿ. ಆದರೆ ಅಮ್ಮನ ಅಂಗಿಯ ತೋಳುಗಳು ಎರಡೂ ಮೇಲಕ್ಕೆ ಮಡಚಿದ್ದವು.

ಬಿಸಿ ತಾಗಬಾರದೆಂದು ಅಮ್ಮ ಉದ್ದ ತೋಳು ಹಾಕುತ್ತಾಳೆ ಎಂದು ಕಡ್ಡಿ ಇಷ್ಟು ದಿನ ಅಂದುಕೊಂಡಿದ್ದಳು. ಈಗ ಜೇಬಿನಿಂದ ಆ ಕುಗ್ಗಿದ ದಾರ ತೆಗೆದು, ಎದ್ದು ಹೋಗಿ ಅಮ್ಮನ ಬಲತೋಳಿಗೆ ಸುತ್ತಿದಳು. ಅರ್ಧಕ್ಕೂ ಬರಲಿಲ್ಲ.

“ಏನೇ ಅದು, ಕೆಲಸದ ಹೊತ್ತಲ್ಲಿ?” ಎಂದಳು ಅಮ್ಮ.

“ಏನಿಲ್ಲ.”

ಕಡ್ಡಿ ಮೂಲೆಯಲ್ಲಿದ್ದ ಟೇಬಲ್ ಫ್ಯಾನನ್ನು ಎಳೆದು ತಂದು ಅಮ್ಮನ ಕಡೆಗೆ ತಿರುಗಿಸಿದಳು. ಆಮೇಲೆ ಕರ್ಚೀಫುಗಳ ರಾಶಿಯ ಮುಂದೆ ಕೂತು ಒಂದೊಂದಾಗಿ ಮಡಚತೊಡಗಿದಳು.