ಅಪ್ಪ ಕೊಡಿಸಿದ ಹಳೇ ಕಾರು

"ಮೇಡಂ, ಇಳೀರಿ! ಜಲ್ದಿ ಇಳೀರಿ!"

ಕಾರಿನ ಕಿಟಕಿಯನ್ನು ಯಾರೋ ದಬದಬ ಬಡಿಯುತ್ತಿದ್ದರು. ತ್ರಿವೇಣಿ ಮೆಲ್ಲಗೆ ತಲೆ ಎತ್ತಿದಳು. ಸಂಡೂರು ರಸ್ತೆಯ ನಟ್ಟನಡುವೆ ಅವಳ ಕಾರು ಕೆಟ್ಟು ನಿಂತಿತ್ತು. ಹಿಂದೆ ಅದಿರು ಲಾರಿಗಳ ಸಾಲು, ಕಿವಿ ಹರಿಯುವಂಥ ಹಾರನ್ನು. ಬೇರೆ ಯಾರಾಗಿದ್ದರೂ ಗಾಬರಿ ಬೀಳುತ್ತಿದ್ದರು. ಅವಳಿಗೆ ಏನೂ ಅನ್ನಿಸಲಿಲ್ಲ.

ಏನೂ... ಅಂದರೆ ಏನೂ ಇಲ್ಲ!

ಹೊಸಪೇಟೆಯ ಬೆಲ್ಲದ ಅಂಗಡಿ ಅಂದಾನಪ್ಪ ತೀರಿಕೊಂಡು ಮೂರು ತಿಂಗಳು. ಒಬ್ಬಳೇ ಮಗಳು ತ್ರಿವೇಣಿ ಮಣ್ಣು ಮಾಡಿದ ದಿನವೂ ಅಳಲಿಲ್ಲ. ಎಂಥ ಕಲ್ಲೆದೆ ಇವಳದು ಎಂದು ನೆಂಟರು ಆಡಿಕೊಂಡರು. ಅಳು ಬರಬೇಕಲ್ಲ! ಹಸಿವೆ, ನಿದ್ದೆ, ಕೋಪ, ಯಾವುದೂ ನೆಟ್ಟಗೆ ಬರುತ್ತಿರಲಿಲ್ಲ. ಸಂಡೂರಿನ ಶಾಲೆಗೆ ಹೋಗುವುದು, ಪಾಠ ಮಾಡುವುದು, ಮನೆಗೆ ಬಂದು ಅವ್ವ ಬಡಿಸಿದ್ದನ್ನು ತಿನ್ನುವುದು, ಅಷ್ಟೆ.

ಕಿಟಕಿ ಬಡಿದವನು ಲಾರಿಯವರನ್ನು ಕರೆದು ಕಾರನ್ನು ಪಕ್ಕಕ್ಕೆ ತಳ್ಳಿಸಿದ. ಬಾನೆಟ್ ಎತ್ತಿದವನು ಥಟ್ಟನೆ ನಿಂತ.

"ಇದು ಅಂದಾನಪ್ಪನವ್ರ ಗಾಡಿ ಅಲ್ಲೇನ್ರಿ?"

"ಹೌದ್ರಿ. ನಾನು ಅವ್ರ ಮಗಳು. ಅವ್ರು... ಈಗಿಲ್ರಿ."

"ಗೊತ್ತೈತ್ರಿ. ನಾನು ಮಾರೇಶ. ಬಸ್ ಸ್ಟ್ಯಾಂಡ್ ಹಿಂದ ನನ್ನ ಗ್ಯಾರೇಜ್ ಐತಿ."

ಏರ್ ಫಿಲ್ಟರ್ ಬಿಚ್ಚಿ, ಹಳೇ ಪೇಪರ್ ಹಾಸಿ ಅದರ ಮೇಲೆ ಕುಟ್ಟಿದ. ಕೆಂಪು ಧೂಳು ಗುಡ್ಡೆಯಾಗಿ ಬಿತ್ತು.

"ಸರ್ವೀಸ್ ಯಾವಾಗ ಮಾಡಿಸಿದ್ರಿ?"

"ಬುಕ್ಕಿನಾಗ ಹತ್ತು ಸಾವಿರ ಕಿಲೋಮೀಟರ್ ಅಂತ ಐತಲ್ರಿ?"

"ಆ ಬುಕ್ ಬರೆದವ್ರು ಈ ರೋಡ್ ನೋಡಿಲ್ರಿ! ಈ ಗಾಡೀನ ತಿಂಗಳಿಗೊಮ್ಮೆ ತರ್ರಿ. ಅಮಾಸಿ ದಿನ ಬ್ಯಾಡ, ಲಾರಿಯವ್ರೆಲ್ಲಾ ಪೂಜಿಗೆ ನಿಲ್ಲಿಸಿರ್ತಾರ, ಕೈ ಬಿಡುವಿರಂಗಿಲ್ಲ. ಮರುದಿನ ಮುಂಜಾನಿ ಬರ್ರಿ."

ಬಂದಳು. ಮರುತಿಂಗಳೂ ಬಂದಳು.

ಊರವರೆಲ್ಲ ಧೈರ್ಯ ಹೇಳಿ ಹೇಳಿ ಅವಳನ್ನು ಸುಸ್ತು ಮಾಡಿದ್ದರು. ಮಾರೇಶ ಒಮ್ಮೆಯೂ ಆ ಮಾತೆತ್ತಲಿಲ್ಲ. ಕುರ್ಚಿ ಒರೆಸಿ ಕೊಡುತ್ತಿದ್ದ, ಚಹಾ ತರಿಸುತ್ತಿದ್ದ, ಆಯಿಲ್ ಕಪ್ಪಾಗಿದೆ ಎಂದು ಅದರ ಚಿಂತೆ ಮಾಡುತ್ತಿದ್ದ. ಅಲ್ಲಿ ಕೂತಾಗ ಚಹಾ ಬಿಸಿ ಇದೆ ಎಂಬುದಾದರೂ ಅವಳಿಗೆ ತಿಳಿಯುತ್ತಿತ್ತು. ಅದಕ್ಕೆ ಏನನ್ನುತ್ತಾರೋ... ಹೆಸರಿಡುವಷ್ಟು ಜೀವ ಅವಳಲ್ಲಿರಲಿಲ್ಲ.

ಐದನೇ ತಿಂಗಳು ಶಾಲೆಯ ಕೆಲಸಕ್ಕೆ ಬಳ್ಳಾರಿಗೆ ಹೋದಾಗ ಬ್ರೇಕ್ ಕಿರುಗುಟ್ಟಿತು. ದಾರಿಯಲ್ಲಿ ಸಿಕ್ಕ ಗ್ಯಾರೇಜಿನವನು ಪೆಡಲ್ ನೋಡಿ ನಕ್ಕುಬಿಟ್ಟ.

"ಮೀಟರ್ ಹಿಂದಕ್ಕ ತಿರುವ್ಯಾರ್ರಿ, ಅಕ್ಕಾರೆ! ನಲವತ್ತು ಸಾವಿರ ಕಿಲೋಮೀಟರ್ ಓಡಿದ್ರ ಪೆಡಲ್ ರಬ್ಬರ್ ಹಿಂಗ ಸವೀತಾವೇನ್ರಿ? ಗಣಿಯೊಳಗ ದುಡಿದ ಗಾಡಿ, ಎರಡು ಲಕ್ಷ ದಾಟೈತಿ. ನಿಮ್ಮ ಮೆಕ್ಯಾನಿಕ್ ಹೇಳಲಿಲ್ಲೇನು?"

ಹೇಳಲಿಲ್ಲ. ಮಾರೇಶ ಹೇಳಲಿಲ್ಲ!

ಹೊಸಪೇಟೆವರೆಗೂ ಅವಳ ಕೈ ಸ್ಟೇರಿಂಗ್ ಮೇಲೆ ಮರದಂತೆ ಬಿದ್ದಿತ್ತು. ಹೋಗಿ ಕೂರಲು ಇದ್ದ ಆ ಒಂದು ಕುರ್ಚಿಯೂ ಹೋಯಿತು ಅನ್ನಿಸಿತು. ನೇರ ಅವನ ಗ್ಯಾರೇಜಿಗೇ ಹೋದಳು.

"ಮೀಟರ್ ವಿಷ್ಯ ನಿಮಗ ಗೊತ್ತಿತ್ತೇನ್ರಿ?"

ಮಾರೇಶನ ಮುಖ ಇಳಿಯಿತು. "ಗೊತ್ತಿತ್ರಿ."

"ತಿರುವಿದವ್ರೂ ನೀವೇ ಏನು?"

"ಅಯ್ಯೋ... ಇಲ್ರಿ!"

"ಮತ್ತ ಯಾಕ ಮುಚ್ಚಿಟ್ರಿ? ನಾಳೆನ ಇದನ್ನ ಮಾರ್ತೀನಿ. ಇನ್ನ ಈ ಕಡೆ ಬರಂಗಿಲ್ಲ."

ಅವಳು ತಿರುಗಿ ಎರಡು ಹೆಜ್ಜೆ ಹೋಗಿದ್ದಳು.

"ನಿಮ್ಮಪ್ಪಾರಿಗೆ ಮಾತು ಕೊಟ್ಟಿದ್ದೆ ರೀ!"

ನಿಂತಳು.

"ಗಾಡಿ ತಗೊಂಡು ವಾರದಾಗ ತೋರಿಸಾಕ ಬಂದಿದ್ರು. ಇದ್ದದ್ದು ಹೇಳಿದೆ. ಆಮ್ಯಾಲ ಅಂದ್ರು, 'ಮೂಸಿ ನೋಡಿ ಕಂಪ್ಲಿ ಬೆಲ್ಲ ಯಾವ್ದು ಅಂತ ಹೇಳಾವ ನಾನು. ಇದರಾಗ ಮೋಸ ಹೋದೆ ಅಂತ ಮಗಳಿಗೆ ಹೆಂಗ ಹೇಳ್ಲಿ? ಅಕಿ ಬಸ್ಸಿನಾಗ ಒದ್ದಾಡಬಾರದು ಅಂತ ತಂದೀನಿ. ಗಾಡಿ ನಡುದಾರ್ಯಾಗ ನಿಲ್ಲದಂಗ ನೀ ನೋಡ್ಕೋ ಮಾರೇಶ. ಅಕಿಗೆ ಗೊತ್ತಾಗಬ್ಯಾಡ.'"

ತ್ರಿವೇಣಿಗೆ ಆ ವಾರ ಕಣ್ಣ ಮುಂದೆ ಬಂತು. "ಬರೇ ಮೂವತ್ತು ಸಾವಿರ ಓಡೈತಿ, ಹೊಸಾದ್ರಂಗ ಐತಿ!" ಎಂದು ಓಣಿ ತುಂಬ ಜಂಭ ಕೊಚ್ಚಿದ ಅಪ್ಪ ಒಂದು ಸಂಜೆ ಬಾಯಿ ಮುಚ್ಚಿದವರು ಆ ಸುದ್ದಿಯನ್ನೇ ಎತ್ತಿರಲಿಲ್ಲ!

ಅವಳಿಗೆ ನಗು ಬಂತು. ಬಂದ ನಗು ನಿಲ್ಲಲಿಲ್ಲ. ನಗುತ್ತಾ ನಗುತ್ತಾ ಎಂಟು ತಿಂಗಳಿಂದ ಬಾರದ ಅಳು ಬಂತು. ಅಪ್ಪಾ... ಅಪ್ಪಾ ಎಂದು ಬಿಕ್ಕಿಬಿಕ್ಕಿ ಅತ್ತಳು. ಮಾರೇಶ ಗ್ಯಾರೇಜಿನ ಬಾಗಿಲನ್ನು ಅರ್ಧ ಎಳೆದು, ಯಾರೂ ಒಳಗೆ ಬಾರದಂತೆ ಅಡ್ಡ ನಿಂತ.

ಬಹಳ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡಳು.

"ತಿಂಗಳಿಗೊಮ್ಮೆ ಬರ್ರಿ ಅಂದಿದ್ದು ಅಪ್ಪಗ ಕೊಟ್ಟ ಮಾತಿಗೇನು?"

"ಮೊದಲನೇ ತಿಂಗಳು... ಹೌದ್ರಿ."

"ಆಮ್ಯಾಲಿಂದು?"

ಅವನು ನೆಲ ನೋಡಿದ. "ಗಾಡಿಗೆ ಎರಡು ತಿಂಗಳಿಗೊಮ್ಮೆ ಸಾಕಿತ್ರಿ. ತಿಂಗಳಿಗೊಮ್ಮೆ ನಿಮ್ಮನ್ನ ನೋಡೋದು ನನಗ ಬೇಕಾಗಿತ್ತು."

ಎದೆ ಹೊಡೆದುಕೊಂಡಿತು. ಹೌದು, ಅವಳದೇ ಎದೆ!

"ಇದನ್ನೂ ಮುಚ್ಚಿಟ್ಟಿದ್ರಲ್ಲ..."

"ನಮ್ಮ ಕೇರಿ ಯಾವ್ದು ಗೊತ್ತೈತಲ್ರಿ? ನಿಮ್ಮ ಮನ್ಯಾಗ ಒಪ್ತಾರೇನು?"

"ಒಪ್ಪಂಗಿಲ್ಲ. ಅವ್ವ ಜಗಳ ತೆಗೀತಾಳ, ಊಟ ಬಿಡ್ತಾಳ." ತ್ರಿವೇಣಿ ಮೂಗೆಳೆದುಕೊಂಡಳು. "ಆದ್ರ ಜಗಳ ಆಡುವಷ್ಟು ಜೀವ ಈಗ ಬಂದೈತ್ರಿ ನನಗ. ನಡೀರಿ, ಅವ್ವನ ಹತ್ರ ಹೋಗೂಣು."

"ಈಗೇನ್ರಿ?" ಅವನು ತನ್ನ ಕರಿ ಕರಿ ಕೈಗಳನ್ನು ನೋಡಿಕೊಂಡು ಗಾಬರಿಯಾದ. "ತಡೀರಿ, ಕೈಯರ ತೊಳ್ಕೊಂಡು ಬರ್ತೀನಿ."

ಅವಳು ಆ ಕೈಯನ್ನೇ ಹಿಡಿದುಕೊಂಡಳು.

"ಬ್ಯಾಡ. ಹಂಗ ಬರ್ರಿ."