ಆರು ಗಂಟೆ ಕಾಲ ತೆಗೆಯಬೇಡಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ದರ್ಜಿಯಮ್ಮ ಠಾಣೆಯ ಮೆಟ್ಟಿಲು ಹತ್ತಿದರು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ರಟ್ಟಿನ ಪೆಟ್ಟಿಗೆ. ವೇಳೆಯನ್ನು ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣ ಹೆಡ್ ಕಾನ್‌ಸ್ಟೇಬಲ್. ಟೀ ಕುಡಿದ ಹೊತ್ತನ್ನೂ ಬರೆದಿಡುವ ಅವರಿಗೆ ಠಾಣೆಯವರು ಇಟ್ಟ ಹೆಸರು ಗಡಿಯಾರ. ಬೆನ್ನ ಹಿಂದೆ ಮಾತ್ರವಲ್ಲ, ಮುಖದೆದುರೇ ಹಾಗೆ ಕರೆಯುತ್ತಿದ್ದರು.

ಇನ್‌ಸ್ಪೆಕ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು. ಒಳಗೆ ಹೆಬ್ಬೆರಳಿನಷ್ಟು ಪುಟ್ಟ ಆರು ಫಿಂಚ್ ಹಕ್ಕಿಗಳಿದ್ದವು. ಒಂದಕ್ಕೂ ಜೀವವಿರಲಿಲ್ಲ.

“ದುಡ್ಡು ವಾಪಸ್ ಬೇಕಾ ಅಮ್ಮಾ?”

“ದುಡ್ಡಿನ ಮನೆ ಹಾಳಾಗ್ಲಿ ಸಾರ್. ಇವು ಯಾವಾಗ ಸತ್ತವು ಅಂತ ನನಗೆ ಗೊತ್ತಾಗ್ಬೇಕು.”

ದರ್ಜಿಯಮ್ಮನ ಗಂಡನಿಗೆ ಲಕ್ವ ಹೊಡೆದು ಎರಡು ವರ್ಷ. ಬಲಭಾಗ ಬಿದ್ದುಹೋಗಿದೆ, ಮಾತೂ ಹೋಗಿದೆ. ಮಂಚದ ಪಕ್ಕದಲ್ಲೇ ಹೊಲಿಗೆ ಮಿಷನ್. ಏನಾದರೂ ಬೇಕಾದಾಗ ಅವರು ಎಡಗೈಯಿಂದ ಹೆಂಡತಿಯ ಕೊರಳಲ್ಲಿ ನೇತಾಡುವ ಟೇಪಿನ ತುದಿ ಹಿಡಿದೆಳೆಯುತ್ತಾರೆ. ಇಡೀ ದಿನ ಮಿಷನ್ನಿನ ಸದ್ದು ಬಿಟ್ಟು ಬೇರೇನಾದರೂ ಕಿವಿಗೆ ಬೀಳಲಿ ಎಂದು ಆಕೆ ಹಕ್ಕಿ ತರಿಸಿದ್ದರು.

“ಪಾರ್ಸಲ್ ಕೈಗೆ ಬಂದಿದ್ದು?”

“ನಿನ್ನೆ ಹನ್ನೊಂದೂವರೆಗೆ.”

“ತೆಗೆದಿದ್ದು?”

“ಐದೂವರೆಗೆ. ‘ಆರು ಗಂಟೆ ಕಾಲ ತೆಗೆಯಬೇಡಿ, ಹಕ್ಕಿ ಬೆದರುತ್ತೆ’ ಅಂತ ಮಾರಿದೋನು ಮೆಸೇಜ್ ಹಾಕಿದ್ದ. ಎರಡೂವರೆ ಹೊತ್ತಿಗೆ ನಮ್ಮ ಯಜಮಾನ್ರು ಟೇಪು ಎಳೆದ್ರು. ಪೆಟ್ಟಿಗೆ ಕಡೆ ಕೈ ತೋರಿಸಿದ್ರು. ನನಗೇನೂ ಕೇಳಿಸ್ಲಿಲ್ಲ. ‘ನಿಮಗೆ ಭ್ರಮೆ, ಸುಮ್ನಿರಿ’ ಅಂದುಬಿಟ್ಟೆ. ಮೂರು ಸಲ ಎಳೆದ್ರು ಸಾರ್. ಆಮೇಲೆ ಬಿಟ್ಬಿಟ್ರು.”

ಪೆಟ್ಟಿಗೆ ತೆಗೆದಾಗಿನಿಂದ ಗಂಡ ಗೋಡೆಯ ಕಡೆ ಮುಖ ಮಾಡಿದ್ದಾರೆ. ನೀರು ಬೇಕಾದರೂ ಟೇಪು ಎಳೆದಿಲ್ಲ. ಅವರಿಗೆ ಕೇಳಿಸಿದ್ದು ನಿಜವೇ ಎನ್ನುವುದೊಂದೇ ಆಕೆಯ ಪ್ರಶ್ನೆ.

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಎದುರಿನ ಝೆರಾಕ್ಸ್ ಅಂಗಡಿಯವನನ್ನೂ ಪಕ್ಕದ ಔಷಧಿ ಅಂಗಡಿಯವನನ್ನೂ ಪಂಚರಾಗಿ ಕರೆಸಿ ಪಂಚನಾಮೆ ನಡೆಸಿದರು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ‘ಪ್ಲಾಸ್ಟಿಕ್ ಆಟಿಕೆ’ ಎಂದಿತ್ತು. ಪಕ್ಕಗಳಲ್ಲಿ ಕೊರೆದ ಎಂಟು ತೂತುಗಳ ಮೇಲೂ ಹೊರಗಿನಿಂದ ಕಂದು ಪಟ್ಟಿ ಅಂಟಿಸಿದ್ದರು. ಒಂದು ಮೂಲೆಯಲ್ಲಿ ಮಾತ್ರ ಪಟ್ಟಿ ತುಸು ಎದ್ದಿತ್ತು. ಅಲ್ಲಿ ಒಳಗಿನ ರಟ್ಟು ಸಣ್ಣ ಉಗುರುಗಳಿಂದ ಪರಚಿಹೋಗಿತ್ತು. ಬಾಯಿ ತೆಗೆದರೆ ತಮಾಷೆ ಮಾಡುವ ಝೆರಾಕ್ಸ್ ಅಂಗಡಿಯವನು ಸಹಿ ಹಾಕಿ, ಟೀಗೂ ನಿಲ್ಲದೆ ಹೋದ.

ಒಂದೂಕಾಲಿಗೆ ಪಶು ಆಸ್ಪತ್ರೆಯಲ್ಲಿ ವೈದ್ಯೆ ಹಕ್ಕಿಗಳನ್ನು ಪರೀಕ್ಷಿಸಿ ಕೈಗವಸು ಕಳಚಿದರು.

“ಐದು ಹಕ್ಕಿ ಭಾನುವಾರವೇ ಹೋಗಿವೆ, ಉಸಿರು ಕಟ್ಟಿ. ಒಂದು ಮಾತ್ರ ಆ ಎದ್ದಿದ್ದ ತೂತಿನ ಹತ್ತಿರ ಇತ್ತು ಅನ್ಸುತ್ತೆ. ಅದು ಸತ್ತಿದ್ದು ನಿನ್ನೆ ಮಧ್ಯಾಹ್ನ ಮೂರರ ಮೇಲೆ. ನೀರಿಲ್ಲದೆ.”

“ಹನ್ನೊಂದೂವರೆಗೇ ತೆಗೆದಿದ್ರೆ?”

“ಬಹುಶಃ ಉಳೀತಿತ್ತು,” ಎಂದು ವೈದ್ಯೆ ಬೇರೆ ಕಡೆ ನೋಡಿದರು.

ಪಾರ್ಸಲ್ ಕಚೇರಿಯ ಗುಮಾಸ್ತ ಮೂರು ಗಂಟೆಗೆ ರಿಜಿಸ್ಟರ್ ತೆರೆದ. ಬುಕ್ಕಿಂಗ್ ಆದದ್ದು ಶನಿವಾರ ಸಂಜೆ ನಾಲ್ಕು ಹತ್ತಕ್ಕೆ. ಭಾನುವಾರ ಗೋದಾಮಿಗೆ ರಜೆ.

“ತೂತಿರೋ ಪೆಟ್ಟಿಗೆ ನಾವು ತಗೊಳಲ್ಲ ಸಾರ್. ವಾಪಸ್ ಕಳಿಸಿದೆ. ಹೊರಗೆ ಹೋಗಿ ಪಟ್ಟಿ ಅಂಟಿಸ್ಕೊಂಡು ಬಂದ.”

“ಒಳಗೇನಿದೆ ಅಂತ ಕೇಳಿದ್ಯಾ?”

“ಆಟಿಕೆ ಅಂದ.”

“ಆಟಿಕೆಗೆ ಉಸಿರಾಡೋ ತೂತು ಯಾಕಪ್ಪಾ?”

ಗುಮಾಸ್ತ ರಿಜಿಸ್ಟರ್ ಮುಚ್ಚಿದ. ಅವನಿಗೂ ನೋಟಿಸ್ ಹೋಯಿತು.

ಬುಧವಾರ ಒಂಬತ್ತು ಐದಕ್ಕೆ ಹಕ್ಕಿ ಸಾಕಿ ಮಾರುವವನ ಮಹಡಿ ಹತ್ತಿದಾಗ ಇನ್‌ಸ್ಪೆಕ್ಟರ್ ಎಣಿಸಿದ್ದ ಕೊಳಕು ಅಲ್ಲಿರಲಿಲ್ಲ. ನೀರಿನ ಬಟ್ಟಲುಗಳು ಫಳಫಳ ಹೊಳೆಯುತ್ತಿದ್ದವು. ಅರವತ್ತು ದಾಟಿದ ಮನುಷ್ಯ ನೆಲದ ಮೇಲೆ ಕಾಲು ಚಾಚಿ ಕೂತು ಮರಿಯೊಂದಕ್ಕೆ ಪುಟ್ಟ ಚಮಚದಿಂದ ಗುಟುಕು ಕೊಡುತ್ತಿದ್ದ. ಪೊಲೀಸರನ್ನು ನೋಡಿ ಮರಿಯನ್ನು ಮೊದಲು ಗೂಡಿಗೆ ಬಿಟ್ಟ.

“ಭಾನುವಾರ ಗೋದಾಮಲ್ಲಿ ಬಿದ್ದಿರುತ್ತೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ನೀರು?”

“ರಟ್ಟು ಒದ್ದೆಯಾದ್ರೆ ಕೌಂಟರಲ್ಲಿ ಸಿಕ್ಕಿಬೀಳ್ತೀನಿ ಸಾರ್. ಒಂದು ಸೌತೆಕಾಯಿ ಹೋಳು ಇಟ್ಟಿದ್ದೆ.”

“ಆರು ಗಂಟೆ ಲೆಕ್ಕ ಯಾವುದು?”

ಅವನು ಮಂಡಿ ಸವರಿಕೊಂಡ. “ಮುಂಚೆ ನಾನೇ ಬಸ್ಸಲ್ಲಿ ಮಡಿಲಲ್ಲಿಟ್ಕೊಂಡು ಹೋಗಿ ಕೊಡ್ತಿದ್ದೆ. ನೀರು ಕುಡಿಸಿ, ಪಂಜರಕ್ಕೆ ಬಿಟ್ಟು, ಮೇಲೊಂದು ಬಟ್ಟೆ ಹೊದಿಸಿ, ಆರು ಗಂಟೆ ಮಾತಾಡಿಸ್ಬೇಡಿ ಅಂತ ಹೇಳಿ ಬರ್ತಿದ್ದೆ. ಒಂದೂ ಸತ್ತಿದ್ದಿಲ್ಲ.”

“ಪಂಜರದ ಮಾತನ್ನ ಪೆಟ್ಟಿಗೆಗೆ ಯಾಕೆ ಹೇಳ್ದೆ?”

ಅವನು ಗೂಡಿನ ಚಿಲಕ ಮತ್ತೊಮ್ಮೆ ಸರಿಮಾಡಿದ. ಜೊತೆಗೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ಗಡಿಯಾರ ಅವನ ಫೋನ್ ನೋಡುತ್ತಿದ್ದರು. ಅದೇ ಮೆಸೇಜು ಮೂವತ್ತೊಂದು ಮನೆಗಳಿಗೆ ಹೋಗಿತ್ತು.

“ಮಂಡಿ ಹೋದ್ಮೇಲೆ ಪಾರ್ಸಲ್ ಶುರು ಮಾಡಿದೆ. ಮೊದಲ ಸಲವೇ ಎರಡು ಸತ್ತವು. ಆಯಮ್ಮ ಪೆಟ್ಟಿಗೆ ತೆಗೆದ ಕೂಡ್ಲೇ ಫೋನ್ ಮಾಡಿ ಅತ್ಲು. ನನ್ನ ಕೈಲಿ ಕೇಳಕ್ಕಾಗ್ಲಿಲ್ಲ ಸಾರ್. ಆರು ಗಂಟೆ ಕಾಯಿರಿ ಅಂದ್ರೆ, ಅವರು ಪೆಟ್ಟಿಗೆ ತೆಗೆಯೋ ಹೊತ್ತಿಗೆ ನಾನು ಫೋನ್ ಆಫ್ ಮಾಡಿರ್ತಿದ್ದೆ. ಸತ್ತವೋ ಉಳಿದವೋ, ಯಾವತ್ತೂ ಕೇಳ್ಲಿಲ್ಲ.”

ಸುಳ್ಳು ಚೀಟಿ ಬರೆದು ವಂಚಿಸಿದ, ಪ್ರಾಣಿಹಿಂಸೆ ಮಾಡಿದ ಆರೋಪದ ಮೇಲೆ ಹತ್ತು ನಲವತ್ತಕ್ಕೆ ಬಂಧನವಾಯಿತು. ಹೊರಡುವ ಮುಂಚೆ ಅವನು, “ಇವಕ್ಕೆಲ್ಲ ನೀರು ಹಾಕಿ ಬರ್ಲಾ?” ಎಂದ. ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಕುಂಟುತ್ತ ಒಂದೊಂದೇ ಬಟ್ಟಲು ತುಂಬಲು ಎಷ್ಟು ಹೊತ್ತು ಹಿಡಿಯಿತೋ, ಗಡಿಯಾರ ಅದನ್ನು ಬರೆದುಕೊಳ್ಳಲಿಲ್ಲ. ಹಕ್ಕಿಗಳನ್ನು ನೋಡಿಕೊಳ್ಳಲು ಪಶು ಆಸ್ಪತ್ರೆಗೆ ಹೇಳಿಕಳಿಸಿದರು.

ಮಧ್ಯಾಹ್ನ ಇನ್‌ಸ್ಪೆಕ್ಟರ್, ಗಡಿಯಾರ ಇಬ್ಬರೂ ದರ್ಜಿಯಮ್ಮನ ಮನೆಗೆ ಹೋದರು. ಮಿಷನ್ ನಿಂತಿತ್ತು. ಕಿಟಕಿಯಲ್ಲಿ ಖಾಲಿ ಪಂಜರ ತೂಗುತ್ತಿತ್ತು. ಮಂಚದ ಮೇಲೆ ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಎಲ್ಲ ಮೊದಲೇ ಸತ್ತಿದ್ದವು ಎಂದುಬಿಡಲೇ ಎಂದು ಇನ್‌ಸ್ಪೆಕ್ಟರ್ ದಾರಿಯುದ್ದಕ್ಕೂ ಯೋಚಿಸಿದ್ದರು. ಆ ಬೆನ್ನು ನೋಡಿದ ಮೇಲೆ ಸುಳ್ಳು ನಾಲಿಗೆಗೆ ಬರಲಿಲ್ಲ.

“ಒಂದು ಬದುಕಿತ್ತಮ್ಮಾ. ಎರಡೂವರೆಗೂ ಇತ್ತು. ಪರಚ್ತಾ ಇತ್ತು. ಕಾಯಿರಿ ಅಂದೋನು ಅವನು. ಅವನನ್ನ ನಂಬಿದ್ದು ನಿಮ್ಮ ತಪ್ಪಲ್ಲ.”

ದರ್ಜಿಯಮ್ಮ ಮಂಚದ ಅಂಚಿನಲ್ಲಿ ಕುಸಿದು ಕೂತರು. ಅಳುವನ್ನು ತಡೆಯಲು ನೋಡಿದರು, ಆಗಲಿಲ್ಲ.

“ನಿಮಗೆ ಕೇಳಿಸಿದ್ದು ನಿಜ ಕಣ್ರೀ. ಭ್ರಮೆ ಅಂದ್ಬಿಟ್ನಲ್ಲಾ ನಾನು.”

ಗೋಡೆಯ ಕಡೆಯಿದ್ದ ಮುಖ ನಿಧಾನವಾಗಿ ಈಚೆ ತಿರುಗಿತು. ಎಡಗೈ ಹೊದಿಕೆಯಿಂದ ಹೊರಬಂದು, ತಡಕಾಡಿ, ಟೇಪಿನ ತುದಿ ಹಿಡಿದು ಎಳೆಯಿತು.

“ಏನ್ ಬೇಕು?” ಎಂದರು ದರ್ಜಿಯಮ್ಮ, ಕಣ್ಣೊರೆಸಿಕೊಳ್ಳುತ್ತ.

ಏನೂ ಬೇಕಿರಲಿಲ್ಲ. ಅವರು ಟೇಪನ್ನು ಹಿಡಿದೇ ಇದ್ದರು.